ಹುಣಸೆಮರಕ್ಕೆ ಹೋದ ನೀಲಿ ಅಕ್ಷರ

ಹೊಳೆ ದಂಡೆಯಲ್ಲೊಂದು ಆಶ್ರಮ. ಅಲ್ಲಿ ಮರುಳಯ್ಯ ಅಂತ ಗುರುಗಳು, ತಿಪ್ಪೇಶ ಅಂತ ಶಿಷ್ಯ.

ಗುರುಗಳು ಅವನಿಗೆ ಧ್ಯಾನವನ್ನೂ ಕಲಿಸುತ್ತಿದ್ದರು, ಕಂಪ್ಯೂಟರಿನ ಕೋಡ್ ಬರೆಯುವುದನ್ನೂ ಕಲಿಸುತ್ತಿದ್ದರು. ಎರಡಕ್ಕೂ ಬೆನ್ನು ನೆಟ್ಟಗಿರಬೇಕು ಅನ್ನುತ್ತಿದ್ದರು.

ಮಳೆಗಾಲಕ್ಕೆ ಮುಂಚೆ ಆಶ್ರಮದಿಂದ ಎರಡೂ ದಡದ ಊರುಗಳಿಗೆ ಒಂದು ಕಾಗದ ಹೋಗುತ್ತದೆ. ಹೊಳೆ ಏರಿದರೆ ಯಾರನ್ನು ಕರೆಯಬೇಕು, ದೋಣಿ ಎಲ್ಲಿ ಬರುತ್ತದೆ, ಎಲ್ಲ ಅದರಲ್ಲಿ. ಕಾಗದ ಅನ್ನೋದು ಮಾತಿಗೆ. ಈಗ ಅದು ವರ್ಡ್ ಫೈಲಾಗಿ ಜನರ ಫೋನಿಗೇ ಹೋಗುತ್ತದೆ. ನೀಲಿ ಅಕ್ಷರ ಒತ್ತಿದರೆ ಸಾಕು, ನಕ್ಷೆ ತೆರೆದುಕೊಂಡು ದಾರಿ ತೋರಿಸುತ್ತದೆ.

ಹೋದ ವರ್ಷದವರೆಗೆ ದೋಣಿ ಆಚೆ ದಡದ ಹುಣಸೆಮರದ ಹತ್ತಿರ ನಿಲ್ಲುತ್ತಿತ್ತು. ಅಲ್ಲಿ ಹೂಳು ತುಂಬಿತು. ಈ ವರ್ಷ ದೋಣಿ ನಿಲ್ಲುವ ಜಾಗವನ್ನು ದೂರದ ಬಂಡೆಯ ಹತ್ತಿರಕ್ಕೆ ಬದಲಾಯಿಸಿದರು.

ತಿಪ್ಪೇಶ ಹಳೇ ಫೈಲನ್ನೇ ತೆರೆದ. ನೀಲಿ ಅಕ್ಷರದಲ್ಲಿದ್ದ ಹುಣಸೆಮರದ ವಿಳಾಸ ಅಳಿಸಿ ಬಂಡೆಯ ವಿಳಾಸ ಬರೆದ. ಲಿಂಕುಗಳನ್ನೆಲ್ಲ ಓದಿ ಪರೀಕ್ಷೆ ಮಾಡಲು ಒಂದು ಕೋಡನ್ನೂ ಬರೆದ. ಎಲ್ಲ ಸರಿಯಿದೆ ಅಂತು ಕೋಡು. ಊರೂರಿಗೆ ಕಳಿಸಿಬಿಟ್ಟ.

ಹೊಳೆ ಏರಿತು.

ಮಾರನೆಯ ಬೆಳಿಗ್ಗೆ ಆಚೆ ಊರಿನ ಕೊಟ್ರಮ್ಮ ಆಶ್ರಮದ ಅಂಗಳಕ್ಕೆ ಬಂದು ನಿಂತಳು. ಸೀರೆಗೆಲ್ಲ ಕೆಸರು.

"ಈ ಕಾಗದ ಬರೆದ ಮಹಾನುಭಾವ ಯಾರಪ್ಪ?"

"ನಾನೇ ಅಮ್ಮ," ಅಂದ ತಿಪ್ಪೇಶ.

"ನೀನಾ? ನಿನ್ನೆ ನನ್ನ ಸೊಸೆಗೆ ಹೆರಿಗೆ ನೋವು ಬಂತು. ನಿನ್ನ ನೀಲಿ ಅಕ್ಷರ ಒತ್ತಿ, ಅದು ತೋರಿಸಿದ ದಾರಿ ಹಿಡ್ಕೊಂಡು ಹೋದ್ವಿ. ಹುಣಸೆಮರದ ಹತ್ತಿರ ತಂದು ನಿಲ್ಲಿಸ್ತು. ಸುರಿಯೋ ಮಳೆ. ಅವಳು ಮರ ತಬ್ಬಿಕೊಂಡು ಕೂಗ್ತಾಳೆ, ನಾನು ಹೊಳೆ ನೋಡ್ತೀನಿ. ದೋಣಿ ಬರಲೇ ಇಲ್ಲ."

"ಆಮೇಲೆ?" ಗುರುಗಳು ಎದ್ದು ನಿಂತರು.

"ಆಮೇಲೇನು, ಯಾರದೋ ಟ್ರ್ಯಾಕ್ಟರ್ ಹತ್ತಿ, ಸೇತುವೆ ಸುತ್ತಿಕೊಂಡು ಈ ಕಡೆ ಆಸ್ಪತ್ರೆಗೆ ಬಂದ್ವಿ. ಮಗು ದಾರಿಯಲ್ಲೇ ಹುಟ್ಟಿತು, ಗೊಬ್ಬರದ ಚೀಲದ ಮೇಲೆ. ತಾಯಿ ಮಗು ಇಬ್ಬರೂ ಉಳಿದರು. ಉಳಿಸಿದ್ದು ನಿಮ್ಮ ಕಾಗದ ಅಲ್ಲ."

ತಿಪ್ಪೇಶನ ಮುಖ ಕೆಂಪಗಾಯಿತು. ನಾಚಿಕೆಗಲ್ಲ, ಸಿಟ್ಟಿಗೆ.

"ನೀವು ಬೇರೆ ಏನನ್ನೋ ಒತ್ತಿರ್ತೀರಿ ಅಮ್ಮ. ಒಂದೊಂದು ಲಿಂಕನ್ನೂ ನಾನು ಕೋಡಿನಲ್ಲಿ ಓದಿಸಿದ್ದೀನಿ. ಬಂಡೆ ಅಂತಲೇ ಇದೆ."

"ಹೌದಪ್ಪ, ಬೆರಳು ನಂದೇ ಸರಿಯಿಲ್ಲ. ನಿನ್ನ ಕೈಯಲ್ಲಿ ಒತ್ತಿಸೋಕೆ ಹೊಳೆ ಈಜಿ ಬರಬೇಕಿತ್ತು ನಾನು."

ಗುರುಗಳು ಶಿಷ್ಯನ ಕಡೆ ತಿರುಗಿದರು. "ಲಿಂಕ್ ಓದಿದೆಯಾ?"

"ಓದಿದೆ ಗುರುಗಳೇ."

"ಪೂರ್ತಿ?"

"ಒಂದಕ್ಷರ ಬಿಟ್ಟಿಲ್ಲ. ಮಾಡದ ತಪ್ಪನ್ನ ಯಾಕೆ ಒಪ್ಪಿಕೊಳ್ಳಲಿ?"

"ಬೇಡ, ಒಪ್ಪಿಕೋಬೇಡ. ಇವರು ಮನೆಗೆ ಹೋಗಬೇಕು. ದೋಣಿಯಲ್ಲಿ ಆಚೆ ಬಿಟ್ಟು ಬಾ." ಹಾಗಂದವರೇ ಗುರುಗಳು ತಾವೇ ಮುಂದಾಗಿ ಹೊಳೆ ಕಡೆ ಬಿರಬಿರನೆ ನಡೆದುಬಿಟ್ಟರು.

ಆ ಆಶ್ರಮದಲ್ಲೊಂದು ರೂಢಿ. ಹೊಳೆಯ ಸೆಳೆತಕ್ಕೆ ಸಿಗದ ಹಾಗೆ ದೋಣಿಯನ್ನು ಜೊಂಡಿನ ಮರೆಯಲ್ಲಿ ಬಿಟ್ಟು, ಉದ್ದ ಹಗ್ಗದ ತುದಿಯನ್ನು ದಡದ ಗೂಟಕ್ಕೆ ಕಟ್ಟುತ್ತಾರೆ. ನೀರಲ್ಲಿ ತೇಲಿಬಂದ ಮರದ ದಿಮ್ಮಿ ಹಿಡಿದರೂ ಹಾಗೇ ಕಟ್ಟುತ್ತಾರೆ. ಜೊಂಡಿನೊಳಗೆ ಏನಿದೆಯೋ ದಡದಲ್ಲಿ ನಿಂತವರಿಗೆ ಕಾಣದು. ಅದಕ್ಕೇ ಗೂಟಕ್ಕೊಂದು ಹಲಗೆ. ಒಂದರ ಮೇಲೆ 'ದೋಣಿ', ಇನ್ನೊಂದರ ಮೇಲೆ 'ದಿಮ್ಮಿ'.

ತಿಪ್ಪೇಶ 'ದೋಣಿ' ಅಂತ ಹಲಗೆಯಿದ್ದ ಹಗ್ಗ ಹಿಡಿದು ಎಳೆದ. ಭಾರವೋ ಭಾರ. ಅಂಗೈ ಸುಲಿಯಿತು. ಹಲ್ಲು ಕಚ್ಚಿ ಎಳೆದ.

ಜೊಂಡು ಸೀಳಿಕೊಂಡು ಕೊಳೆತ ದಿಮ್ಮಿಯೊಂದು ಹೊರಗೆ ಬಂತು.

"ಚೆನ್ನಾಗಿದೆ," ಅಂದಳು ಕೊಟ್ರಮ್ಮ. "ಇದರ ಮೇಲೆ ಕೂತು ಹೋಗಬೇಕಾ ನಾನು?"

ತಿಪ್ಪೇಶನಿಗೆ ಎಲ್ಲಿಲ್ಲದ ಸಿಟ್ಟು. "ಯಾರು ಹಲಗೆ ಅದಲು ಬದಲು ಮಾಡಿದ್ದು? ಹೊಳೆ ತುಂಬಿರೋವಾಗ ಇದೆಂಥ ಆಟ? ಯಾರೋ ಮುಳುಗ್ತಾ ಇದ್ದು, ನಾನು ದಿಮ್ಮಿ ಎಳೆದುಕೊಂಡು ಕೂತಿದ್ದರೆ ಏನು ಗತಿ?"

"ಮಾಡಿದ್ದು ನಾನು," ಅಂದರು ಗುರುಗಳು. "ಹಲಗೆ ಮೇಲೆ ಏನಿದೆ ಓದು."

"ದೋಣಿ ಅಂತಿದೆ."

"ಅಕ್ಷರ ತಪ್ಪಿದೆಯಾ?"

"ಇಲ್ಲ."

"ಮತ್ತೆ ಯಾಕೆ ಕೂಗಾಡ್ತೀಯ?"

"ಹಲಗೆ ಕಟ್ಟಿಕೊಂಡು ಏನು ಮಾಡಲಿ ಗುರುಗಳೇ? ಹಗ್ಗದ ಆ ತುದಿಯಲ್ಲಿ ಏನಿದೆ ಅಂತ ನೋಡಿಯಲ್ಲವಾ ಹಲಗೆ ಹಾಕಬೇಕಾದ್ದು?"

ಆಡಿದ ಮಾತು ಅವನ ಕಿವಿಗೇ ವಾಪಸ್ಸು ಬಂತು.

ತಿಪ್ಪೇಶನ ಕೈಯಿಂದ ಹಗ್ಗ ಜಾರಿತು.

ಗುರುಗಳು ಇನ್ನೊಂದು ಹಗ್ಗ ಎಳೆದರು. ದೋಣಿ ಸರಾಗವಾಗಿ ಬಂತು. ಕೊಟ್ರಮ್ಮ ಹತ್ತಿ ಕೂತಳು.

"ಅಮ್ಮ, ನಿಮ್ಮನ್ನ ಬಿಟ್ಟು ಬರ್ತೀನಿ," ಅಂದ ತಿಪ್ಪೇಶ, ತಲೆ ಎತ್ತದೆ.

"ನನ್ನ ಮನೆ ಎಲ್ಲೂ ಓಡಿಹೋಗಲ್ಲ. ಮೊದಲು ಹೋಗಿ ಅದನ್ನ ಸರಿ ಮಾಡು. ಇನ್ಯಾರ ಸೊಸೆ ಆ ಮರದ ಕೆಳಗೆ ನಿಂತಿದ್ದಾಳೋ."

ಅವನು ಓಡಿದ.

ವರ್ಡ್ ಫೈಲು ನೋಡಲಿಕ್ಕೆ ಒಂದೇ ಹಾಳೆ. ನಿಜಕ್ಕೆ ಅದೊಂದು ಗಂಟು, ಬಿಚ್ಚಿದರೆ ಒಳಗೆ ಹಲವು ಫೈಲು. ಒಂದರಲ್ಲಿ ಜನ ಓದುವ ನೀಲಿ ಅಕ್ಷರ, ಅದಕ್ಕೆ ಅಂಟಿಕೊಂಡ ಒಂದು ಗುರುತು. ಆ ಗುರುತು ಹಿಡಿದು ಇನ್ನೊಂದು ಫೈಲಿಗೆ ಹೋದರೆ, ಒತ್ತಿದವರು ನಿಜವಾಗಿ ಹೋಗಿ ಸೇರುವ ವಿಳಾಸ.

ತಿಪ್ಪೇಶನ ಕೋಡ್ ಮೊದಲನೆಯದನ್ನಷ್ಟೇ ಓದಿತ್ತು. ನೀಲಿ ಅಕ್ಷರದಲ್ಲಿದ್ದ ವಿಳಾಸ ಎತ್ತಿಕೊಂಡು, ಅದು ತೆರೆಯುತ್ತದೆ ಅಂತ ನೋಡಿ ಸುಮ್ಮನಾಗಿತ್ತು. ಇನ್ನೊಂದು ಫೈಲಿನ ಬಾಗಿಲನ್ನೇ ತಟ್ಟಿರಲಿಲ್ಲ.

ಈಗ ತಟ್ಟಿದ. ಮೇಲೆ ಬಂಡೆ. ಕೆಳಗೆ ಹುಣಸೆಮರ, ಹೋದ ವರ್ಷ ಹೇಗಿತ್ತೋ ಹಾಗೇ. ಅವನು ಅಳಿಸಿ ಬರೆದದ್ದು ಬರೀ ಅಕ್ಷರವನ್ನ.

ಕೋಡನ್ನು ತಿದ್ದಿದ. ಓಡಿಸಿದಾಗ ಅಂಥದ್ದೇ ಇನ್ನೊಂದು ಸಿಕ್ಕಿತು. ಅದು ಡಾಕ್ಟರ ಮನೆಯದು. ಅವನಿಗೆ ತನ್ನ ಮೇಲೇ ಮೈ ಉರಿಯಿತು. ಎರಡನ್ನೂ ಸರಿಪಡಿಸಿ, ಎರಡೂ ದಡದ ಊರುಗಳಿಗೆ ಮತ್ತೆ ಕಳಿಸಿ, ಹೊಳೆಗೆ ವಾಪಸ್ಸು ಓಡಿಬಂದ.

"ಗುರುಗಳೇ, ಈಗ ಕೋಡ್ ಅಕ್ಷರವನ್ನೂ ಓದುತ್ತೆ, ಅದು ಎಲ್ಲಿಗೆ ಕರೆದುಕೊಂಡು ಹೋಗುತ್ತೆ ಅನ್ನೋದನ್ನೂ ಓದುತ್ತೆ. ಒಂದಕ್ಕೊಂದು ಹೊಂದದೆ ಇದ್ದರೆ ಹೇಳುತ್ತೆ. ಹೊಸ ಕಾಗದ ಎಲ್ಲರಿಗೂ ಹೋಯಿತು. ಮುಗೀತು."

"ನನಗೆ ಬಂದಿಲ್ಲ," ಅಂದಳು ಕೊಟ್ರಮ್ಮ ದೋಣಿಯಿಂದ. "ನನ್ನ ಫೋನು ನಿನ್ನೆ ಆ ಮಳೆಯಲ್ಲಿ ನೆನೆದು ಸತ್ತಿದೆ."

ಗುರುಗಳು ಹುಟ್ಟನ್ನು ಎತ್ತಿ ತಿಪ್ಪೇಶನ ಸುಲಿದ ಕೈಯಲ್ಲಿಟ್ಟರು.

"ಇವರನ್ನ ಮನೆ ತಲುಪಿಸು. ಆಮೇಲೆ ಹುಣಸೆಮರದ ಕೆಳಗೆ ಹೋಗಿ ನಿಂತುಕೋ."

"ಅಲ್ಲಿ ಯಾಕೆ ಗುರುಗಳೇ? ಸರಿ ಮಾಡಿದೆನಲ್ಲ."

"ನೀನು ಮೊದಲು ಕಳಿಸಿದ್ದನ್ನ ನಂಬಿದವರು ಅಲ್ಲಿಗೇ ಬರ್ತಾರೆ."