ಮರುಳಪ್ಪನವರ ಜಾಗದಲ್ಲಿ

ನೇಕಾರರ ಸಂಘದ ಹೊಸ ಅಧ್ಯಕ್ಷ ಗುರುಶಾಂತಪ್ಪನವರು ಕಂಪ್ಯೂಟರ್ ನೋಡಿಕೊಳ್ಳುವ ನಾಗವೇಣಿಗೆ ಹುಕುಂ ಮಾಡಿದರು. "ಸಂಘದ ಚರಿತ್ರೆಯಲ್ಲಿ ಮರುಳಪ್ಪ ಅಂತ ಎಲ್ಲೆಲ್ಲಿದೆಯೋ ಅಲ್ಲೆಲ್ಲ ನನ್ನ ಹೆಸರು ಹಾಕು."

ಮರುಳಪ್ಪನವರು ಸಂಘ ಕಟ್ಟಿದವರು. ಹೋದ ವರ್ಷ ತೀರಿಕೊಂಡಿದ್ದರು.

"ಎಲ್ಲಾ ಕಡೆಯಾ ಸಾರ್?"

"ಹೇಳಿದಷ್ಟು ಮಾಡು."

ಅವಳು 'ರಿಪ್ಲೇಸ್' ಅಂತ ಒಂದೇ ಸಾಲಿನ ಪ್ರೋಗ್ರಾಂ ಬರೆದಳು. ಹೆಸರೆಲ್ಲ ಬದಲಾಯಿತು.

ವಾರ್ಷಿಕ ಸಭೆಯಲ್ಲಿ ಅಧ್ಯಕ್ಷರೇ ಎದ್ದು ಓದಿದರು. ಸಂಘ ಕಟ್ಟಿದ್ದು ಗುರುಶಾಂತಪ್ಪ. ಮಗ್ಗ ತಂದಿದ್ದು ಗುರುಶಾಂತಪ್ಪ. ಅದೇ ಗತ್ತಿನಲ್ಲಿ ಕೊನೆಯ ಸಾಲನ್ನೂ ಓದಿಬಿಟ್ಟರು: "ನಮ್ಮನ್ನಗಲಿದ ಗುರುಶಾಂತಪ್ಪನವರ ಆತ್ಮಕ್ಕೆ ಶಾಂತಿ ಸಿಗಲಿ."

ಆ ಮಾತು ಕಿವಿಗೆ ಬಿದ್ದರೆ ಎದ್ದು ನಿಲ್ಲುವುದು ರೂಢಿ. ಸಭೆಯೆಲ್ಲ ಎದ್ದು ಮೌನವಾಗಿ ನಿಂತಿತು. ಎದುರಿಗೇ ಕೂತಿದ್ದ ಮರುಳಪ್ಪನವರ ಹೆಂಡತಿಯೂ ಎದ್ದು ಕೈ ಮುಗಿದರು. ಅಧ್ಯಕ್ಷರಿಗೆ ತಲೆ ಎತ್ತಲಾಗಲಿಲ್ಲ.

"ಮರುಳಪ್ಪನವರ ಹೆಸರೇ ಹಾಕಿಬಿಡಮ್ಮ," ಎಂದರು ನಾಗವೇಣಿಗೆ ಮೆಲ್ಲಗೆ.

"ಎಲ್ಲಾ ಕಡೆಯಾ ಸಾರ್?"