ಮುಳ್ಳು ಹಾರಿದ ಜಾಗ

"ಗುರುಗಳೇ, ನೀವು ಹೇಳಿಕೊಟ್ಟದ್ದನ್ನು ಕೂದಲೆಳೆಯಷ್ಟೂ ತಪ್ಪದೆ ಹಾಡುತ್ತೇನೆ. ಆದರೂ ನೀವು ಒಂದು ಸಲವೂ ತಲೆದೂಗಿಲ್ಲ. ನನ್ನಲ್ಲಿ ಏನು ಕೊರತೆ?" ಎಂದು ಶಿಷ್ಯೆ ಕೇಳಿದಳು. ಹೀಗೇ ಆದರೆ ಹಾಡುವುದನ್ನೇ ಬಿಟ್ಟುಬಿಡುತ್ತೇನೆ ಎಂದೂ ಸೇರಿಸಿದಳು.

ಗುರುಗಳು ತಂಬೂರಿಯನ್ನು ಗೋಡೆಗೆ ಒರಗಿಸಿದರು. ಬಿಡುವುದಿದ್ದರೆ ಒಂದು ಕತೆ ಕೇಳಿ ಬಿಡು ಎಂದು ಹೇಳತೊಡಗಿದರು.

ಜಪಾನಿನ ಒಂದು ಬಂದರಿನಲ್ಲಿ ಒಂದು ಕಾಫಿ ಅಂಗಡಿ. ಅಲ್ಲಿ ಮಾತಾಡುವಂತಿಲ್ಲ. ಕಾಫಿ ಮುಂದಿಟ್ಟುಕೊಂಡು, ಕಣ್ಣು ಮುಚ್ಚಿ, ಗ್ರಾಮಫೋನಿನಲ್ಲಿ ಬರುವ ಜಾಝ್ ಕೇಳಬೇಕು, ಅಷ್ಟೇ. ಒಬ್ಬ ಯುವಕ ದಿನವೂ ಅಲ್ಲಿಗೆ ಬರುತ್ತಿದ್ದ. ಪಿಯಾನೋ ಅಂದರೆ ಅವನಿಗೆ ಪ್ರಾಣ. ಆದರೆ ಪಿಯಾನೋ ಇರಲಿಲ್ಲ. ಮೇಜಿನ ಅಂಚನ್ನೇ ಪಿಯಾನೋ ಎಂದುಕೊಂಡು ಒತ್ತುತ್ತ ಒಂದು ಗ್ರಾಮಫೋನ್ ಪ್ಲೇಟಿನ ಸಂಗೀತವನ್ನು ಪೂರ್ತಿ ಕಲಿತ. ಹೊರಗೆ ಹಡಗುಗಳು ಮಂಜಿನಲ್ಲಿ ಕರಗುತ್ತಿದ್ದವು. ತನ್ನ ಮೇಜೂ ತೇಲುತ್ತಿದೆ ಎಂದು ಅವನಿಗೆ ಅನಿಸುತ್ತಿತ್ತು.

ಆ ಪ್ಲೇಟಿನಲ್ಲಿ ಒಂದು ಗೀರು. ಅಲ್ಲಿ ಗ್ರಾಮಫೋನಿನ ಮುಳ್ಳು ಹಾರಿ, ಸಂಗೀತ ಒಂದು ಮೆಟ್ಟಿಲು ಬಿಟ್ಟು ಮುಂದಕ್ಕೆ ಇಳಿಯುತ್ತಿತ್ತು. ಪಾಪ, ಅವನು ಅದನ್ನೂ ಸಂಗೀತವೆಂದೇ ಕಲಿತ.

ಮೊದಲ ಸಲ ವಾದ್ಯಗಾರರ ಜೊತೆ ನಿಜವಾದ ಪಿಯಾನೋ ಮುಂದೆ ಕೂತಾಗ ಆ ಜಾಗದಲ್ಲಿ ಇವನು ಹಾರಿದ, ಉಳಿದವರು ಹಿಂದೆಯೇ ಉಳಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನಿಗೆ ಅಳುವೇ ಬಂತು. ತಿದ್ದಿಕೊಂಡ. ಊರೂರಿನಲ್ಲಿ ನುಡಿಸಿದ, ಹೆಸರು ಮಾಡಿದ. ಕನಸಿನಲ್ಲಿ ಮಾತ್ರ ಬೆರಳುಗಳು ಹಾರುತ್ತಲೇ ಇದ್ದವು. ಕೊನೆಗೆ ಆ ನೆಗೆತದಿಂದಲೇ ಒಂದು ಸ್ವಂತ ಕೃತಿ ಕಟ್ಟಿದ. ಕೇಳಿದವರು ಬೆರಗಾದರು.

ಮುದುಕನಾಗಿ ಪಾಠ ಹೇಳುತ್ತಿದ್ದಾಗ ಅವನ ಶಿಷ್ಯನೊಬ್ಬ ಆ ಕೃತಿಯನ್ನು ನೆಗೆತದ ಸಮೇತ ಅಚ್ಚುಕಟ್ಟಾಗಿ ನುಡಿಸಿದ. ಮುದುಕ ತಲೆದೂಗದೆ ಅವನನ್ನು ಹಳೆಯ ಕಾಫಿ ಅಂಗಡಿಗೆ ಕರೆದೊಯ್ದು ಅದೇ ಪ್ಲೇಟು ಹಾಕಿಸಿದ. ಮುಳ್ಳು ಹಾರಿತು.

"ಅಯ್ಯೋ, ಇದು ಬರೀ ಗೀರು," ಎಂದ ಶಿಷ್ಯ.

"ಹೌದಪ್ಪ. ನನಗೆ ಸಿಕ್ಕ ಗೀರು," ಎಂದ ಮುದುಕ.

ಅಂಗಡಿಯವಳು ತುಟಿಯ ಮೇಲೆ ಬೆರಳಿಟ್ಟಳು. ಇಬ್ಬರೂ ಕಣ್ಣು ಮುಚ್ಚಿ ಕೂತರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಹಾಗಾದರೆ ನಾನು ಬೇಕಂತಲೇ ತಪ್ಪು ಹಾಡಬೇಕೇ ಎಂದು ಶಿಷ್ಯೆ ಸಿಡುಕಿದಳು. ಗುರುಗಳು ನಕ್ಕು ಮತ್ತೆ ತಂಬೂರಿ ಎತ್ತಿಕೊಂಡರು.

"ನನ್ನ ಗೀರುಗಳನ್ನೆಲ್ಲ ಚೆನ್ನಾಗಿ ಹಾಡುತ್ತೀಯ, ತಾಯಿ, ನನ್ನದಕ್ಕೇ ನಾನು ಹೇಗೆ ತಲೆದೂಗಲಿ?"