ಸೂತಕದ ಕೋಣೆಗೆ ಕಾಲಿಟ್ಟ ತಾಯಿಯವರು

ಪೂಜ್ಯ ನೀಲಗಂಗವ್ವ ತಾಯಿಯವರು ಊರಾಚೆಯ ಮಣ್ಣಿನ ಮಠದಲ್ಲಿ, ನೆಲಕ್ಕೊಂದು ಕಂಬಳಿ ಹಾಸಿಕೊಂಡು ಬಾಳಿದವರು. ಅವರ ಶಾಂತಿಯನ್ನು ಹಾಡಿ ಹೊಗಳುವವರು ಬಹಳ ಜನ; ಸಿಟ್ಟನ್ನು ಕಂಡವರು ಕಡಿಮೆ. ನಾನು ಕಂಡಿದ್ದೇನೆ. ಆ ಸಿಟ್ಟಿಗೇ ನಾನು ಹೆಚ್ಚು ಕೈಮುಗಿಯುತ್ತೇನೆ.

ಒಂದು ಮುಂಜಾನೆ ಊರಿನ ಹಿರಿಯರಾದ ದ್ಯಾವನಗೌಡರು ಸೊಸೆಗಾಗಿ ವಿಭೂತಿ ಬೇಡಿ ಬಂದರು. ಐದು ದಿನದ ಹಿಂದೆ ಸೊಸೆ ಬಸಲಿಂಗವ್ವ ಮನೆಯಲ್ಲೇ ಹೆತ್ತಿದ್ದಳು. ಮಾಸು ಒಳಗೇ ಉಳಿದು ರಕ್ತ ನಿಲ್ಲದಾದಾಗ, ಆಸ್ಪತ್ರೆಯ ಡಾಕ್ಟರಮ್ಮ ಮನೆಗೇ ಬಂದು ಕೈಹಾಕಿ ತೆಗೆದು ಜೀವ ಉಳಿಸಿದ್ದರು. ಇಂಥ ಬಾಣಂತಿಗೆ ಬೇಗ ನಂಜೇರುತ್ತದೆಂದು ಇಂಜೆಕ್ಷನ್ನನ್ನೂ ಕೊಟ್ಟಿದ್ದರು. ಕುದಿಸಿ ಬಿಸಿಲಿಗೆ ಒಣಗಿಸಿದ ಬಟ್ಟೆಯನ್ನೇ ಕೊಡಿ, ಜ್ವರ ಬಂದರೆ ತಕ್ಷಣ ಆಸ್ಪತ್ರೆಗೆ ಕರೆತನ್ನಿ ಎಂದು ಹೇಳಿ ಹೋಗಿದ್ದರು. ಈಗ ಎರಡು ದಿನದಿಂದ ಮೈ ಸುಡುತ್ತಿತ್ತು.

“ಆಸ್ಪತ್ರಿಗೆ ಯಾಕ ಒಯ್ಯಲಿಲ್ಲ?”

“ಸೂತಕ ಐತ್ರಿ ಯವ್ವಾ. ಹನ್ನೊಂದು ದಿನ ಹೊಸ್ತಿಲಾ ದಾಟಂಗಿಲ್ಲ.”

ತಾಯಿಯವರು ಎದ್ದು ಗೌಡರ ಮನೆಗೆ ನಡೆದರು. ಮಠದ ಸೇವೆಗಿದ್ದ ನಾನೂ ಹಿಂದೆಯೇ ಹೋದೆ.

ಸೂತಕ ಕಳೆದ ಮೇಲೆ ಎಸೆಯುವುದೇ ತಾನೇ ಎಂದು, ಅಟ್ಟದ ಮೇಲಿನ ಹರಕು ಕೌದಿ, ಚಿಂದಿ ಅರಿವೆಗಳನ್ನೆಲ್ಲ ಹುಡುಕಿ ಬಾಣಂತಿಗೆ ಕೊಡುವುದು ಆ ಮನೆತನದ ರೂಢಿ. ಇಲಿ ಉಚ್ಚೆ ಹೊಯ್ದ ಕೌದಿ! ದೇವರ ಜಗುಲಿಗೆ ಮಾತ್ರ ದಿನವೂ ಕುದಿಸಿ ಒಣಗಿಸಿದ ಮಡಿ ಬಟ್ಟೆ. ಇದನ್ನು ಬರೆಯುವಾಗ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ತಾಯಿಯವರು ಸಾಬೂನು ಹಚ್ಚಿ ಕೈ ತೊಳೆದು ಕೋಣೆಯೊಳಗೆ ಕಾಲಿಟ್ಟರು.

“ಮುಟ್ಟಬ್ಯಾಡ್ರಿ, ಮೈಲಿಗಿ ಆಗತೈತಿ!” ಎಂದು ಗೌಡರು ಕೂಗಿದರು.

ತಾಯಿಯವರು ಕೌದಿ ಎತ್ತಿದರು. ಕೊಳೆತ ವಾಸನೆ ಮುಖಕ್ಕೆ ರಾಚಿತು. ಹುಡುಗಿ ಕಣ್ಣು ತೆರೆಯದೆ ಏನೇನೋ ಬಡಬಡಿಸುತ್ತಿದ್ದಳು.

“ಜಗಲಿ ಮ್ಯಾಗಿನ ಮಡಿ ಬಟ್ಟಿ ಎಲ್ಲಾ ತಾ.”

“ಯವ್ವಾ, ಅದು ದೇವರದು…”

“ದೇವರು ಬತ್ತಲೆ ಇದ್ರೂ ಸಾಯಂಗಿಲ್ಲ. ಈಕಿ ಸಾಯಾಕತ್ಯಾಳ. ತಾ!”

ಆ ದನಿಗೆ ಗೌಡರ ಕಾಲು ತಾವಾಗಿಯೇ ಓಡಿದವು. ಕೂಸನ್ನು ನನ್ನ ಕೈಗಿತ್ತು, ಮಡಿ ಬಟ್ಟೆಯಲ್ಲಿ ಸುತ್ತಿದ ಬಾಣಂತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಾಯಿಯವರೇ ಚಕ್ಕಡಿ ಗಾಡಿಯಲ್ಲಿ ಕುಳಿತರು. ಹೊಸ್ತಿಲು ದಾಟಿದ್ದಾಯಿತು, ಆಕಾಶವೇನೂ ಬೀಳಲಿಲ್ಲ.

ಡಾಕ್ಟರಮ್ಮ ಔಷಧ ಶುರುಮಾಡಿ, ಒಂದು ದಿನ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು. ಆಸ್ಪತ್ರೆಯ ಪಡಸಾಲೆಯಲ್ಲಿ ಗೌಡರು ತಾಯಿಯವರ ಮುಂದೆ ಬಂದು ಕುಳಿತರು.

“ನನ್ನ ಹೇಣ್ತಿನೂ ಅದ ಕೋಣ್ಯಾಗ, ಹಿಂಗ ಜ್ವರ ಬಂದು ಹ್ವಾದ್ಲು. ಶಿವ ಕರಕೊಂಡ ಅಂತ ಮೂವತ್ತು ವರ್ಷ ಸಮಾಧಾನ ಮಾಡ್ಕೊಂಡೀನ್ರಿ ಯವ್ವಾ.”

ತಾಯಿಯವರು ಕರಗಲಿಲ್ಲ. “ಶಿವನ ಮ್ಯಾಲೆ ಹಾಕಬ್ಯಾಡ” ಎಂದಷ್ಟೇ ಹೇಳಿದರು.

ಮರುದಿನ ಗೌಡರು ಆಸ್ಪತ್ರೆಯ ಹಿತ್ತಲಲ್ಲಿ ಮೂರು ಕಲ್ಲಿನ ಒಲೆ ಹೂಡಿದರು. ಸೂತಕದ ಮನೆಯಲ್ಲಿ ನೀರು ಸಹ ಮುಟ್ಟದಿದ್ದ ಮನುಷ್ಯ, ಸೊಸೆಯ ರಕ್ತದ ಬಟ್ಟೆಗಳನ್ನು ತಮ್ಮ ಕೈಯಾರೆ ಒಗೆದು, ಕುದಿಸಿ, ಬಿಸಿಲಿಗೆ ಹರವಿದರು. ಒಂಬತ್ತು ದಿನ ಅದೇ ಕೆಲಸ. ಹತ್ತನೆಯ ದಿನ ಬಸಲಿಂಗವ್ವ ಎದ್ದು ಕುಳಿತು ಕೂಸಿಗೆ ಹಾಲು ಕೊಟ್ಟಳು.

“ಗೌಡ್ರ, ಈ ಕೆಲಸ ನೀವ್ಯಾಕ ಮಾಡಾಕತ್ತೀರಿ?” ಎಂದು ಯಾರೋ ಕೇಳಿದರು.

ಗೌಡರು ತಲೆ ಎತ್ತಲಿಲ್ಲ. “ಮೂವತ್ತು ವರ್ಷ ತಡಾ ಮಾಡಿದೆ” ಎಂದರು.